ನಾಟಿ ಮುಗಿದ ದಿನದ ಕೆಸರು

ಯಮುನಕ್ಕಾ,

ನೀನು ತೀರಿಕೊಂಡ ಮೇಲೂ ನಿನಗೆ ಸುದ್ದಿ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ. ಇವತ್ತು ಕಡಹಿನಬೈಲಿನಲ್ಲಿ ವಾಸಪ್ಪನವರ ಗದ್ದೆಯ ನಾಟಿ ಮುಗಿಯಿತು. ಮಂಡಿನೋವು ಬಂದ ಮೇಲೆ ನಾನು ಗದ್ದೆಗೆ ಇಳಿಯುವುದಿಲ್ಲ. ಅಂಚಿನ ಮೇಲೆ ಕೂತು ಎಲ್ಲರಿಗೂ ಕಾಫಿ ಬಗ್ಗಿಸಿ ಕೊಡುತ್ತೇನೆ.

ಕೊನೆಯ ಸಸಿ ನೆಟ್ಟಿದ್ದೇ ತಡ, ಎಂದಿನಂತೆ ಹೆಂಗಸರ ಕೆಸರೆರಚಾಟ ಶುರುವಾಯಿತು. ವಾಸಪ್ಪನವರನ್ನೂ ಬಿಡಲಿಲ್ಲ. ನನ್ನ ಹತ್ತಿರ ಬಂದಾಗ ಮಾತ್ರ ಎಲ್ಲರೂ ಕೆಸರಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಮರ್ಯಾದೆಯಿಂದ ಕಾಫಿ ಕೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೂತಲ್ಲಿಂದಲೇ ಬಗ್ಗಿ, ಒಂದು ಹಿಡಿ ಕೆಸರು ತೆಗೆದು, ಕಾಫಿ ಹಿಡಿದು ಆಚೆ ತಿರುಗಿದ ಹುಡುಗಿ ಅಂಬಿಕಾಳ ಬೆನ್ನಿಗೆ ಬೀಸಿದೆ.

“ಅಯ್ಯೋ, ಎಂತ ಅಜ್ಜಿ, ನಿಮಗೂ ಬೇಕಾ?” ಎಂದಳು.

“ಬೇಕು ಮಾರಾಯ್ತಿ. ಹಚ್ಚು!”

ಎರಡೂ ಕೆನ್ನೆಗೆ ಹಚ್ಚಿದಳು. ತಣ್ಣಗಿತ್ತು. ನಕ್ಕು ನಕ್ಕು ಅರ್ಧ ಕಾಫಿ ಚೆಲ್ಲಿದೆ. ಮನೆಗೆ ಬಂದರೂ ಇನ್ನೂ ಮುಖ ತೊಳೆದಿಲ್ಲ.

ನಿನ್ನ ಮಂಡಿ ಸೋತ ವರ್ಷ ನೀನೂ ಅದೇ ಅಂಚಿನ ಮೇಲೆ ಕೂತಿದ್ದೆ, ತಿಳಿನೀಲಿ ಸೀರೆ ಉಟ್ಟು. ಅದರ ಮೇಲೆ ಒಂದು ಹನಿಯೂ ಬೀಳದ ಹಾಗೆ ನಾವೆಲ್ಲ ಎಷ್ಟು ಜೋಪಾನವಾಗಿ ಆಡಿದೆವು, ಅಕ್ಕಾ.