ಹಸಿ ಬಿದಿರಿನ ಬೆಣೆ

ಭಾನುವಾರ, ಮಾರ್ಚ್ ೧೪

ನನ್ನವಳೇ,

ನಿನ್ನ ಕಾಲಿನ ಹೊಲಿಗೆ ಬಿಚ್ಚಿದರೆಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು. ಫೋನು ನಿನ್ನ ಕೈಗೆ ಬರಲಿಲ್ಲ, ಅವಳಿಗೆ ಕೊಡಿ ಎನ್ನಲು ನನಗೂ ಬಾಯಿ ಬರಲಿಲ್ಲ. ಪತ್ರ ಇಷ್ಟು ತಡವಾದದ್ದಕ್ಕೆ ಕೆಲಸ ಕಾರಣವಲ್ಲ, ನಾಚಿಕೆ ಕಾರಣ. ಕ್ಷಮಿಸು.

ಮನೆ ಹೇಗೋ ನಡೆದಿದೆ. ನಿನ್ನೆ ನಾನು ಮಾಡಿದ್ದನ್ನು ಬಾಯಿಗಿಟ್ಟು ಮಗಳು, "ಅಪ್ಪಾ, ಅಮ್ಮನ ಕತ್ತಿಗಿಂತ ನಿಮ್ಮ ಅಡುಗೆನೇ ಡೇಂಜರು" ಅಂದಳು. ನಕ್ಕೆವು. ಆಮೇಲೆ ಇಬ್ಬರೂ ತಟ್ಟೆ ನೋಡಿಕೊಂಡು ಉಂಡೆವು.

ಕತ್ತಿ ಪರೀಕ್ಷಿಸುವವನು ನಾನು ಎಂದು ಕತ್ತಿವರಸೆಯ ತರಗತಿಯಲ್ಲಿ ಎಷ್ಟು ಮೆರೆದೆ! ಅಭ್ಯಾಸಕ್ಕೆಂದು ನೆನೆಸಿ ನಿಲ್ಲಿಸಿದ ಚಾಪೆಸುರುಳಿಯನ್ನು ಯಾರೇ ಕಡಿಯಲಿ, ಮೊದಲು ಅವರ ಕತ್ತಿ ನನ್ನ ಕೈಗೆ ಬರಬೇಕು. ಅಲಗು ಬಾಗಿದೆಯೇ, ಅಂಚಿನಲ್ಲಿ ಚಕ್ಕೆ ಎದ್ದಿದೆಯೇ ನೋಡಬೇಕು, ಹಿಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಕೊನೆಗೆ ಹಳೆಯ ಎಣ್ಣೆ ಒರೆಸಿ ಹೊಸದನ್ನು ತೆಳ್ಳಗೆ ಸವರಬೇಕು. "ಎಣ್ಣೆಡಬ್ಬಿ" ಎಂದು ಜೊತೆಯವರು ರೇಗಿಸಿದರೂ ನನಗೆ ಒಳಗೊಳಗೇ ಖುಷಿ. ನಿನ್ನ ಕತ್ತಿಯನ್ನು ಮಾತ್ರ ನೋಡುತ್ತಿರಲಿಲ್ಲ. ನಾನೇ ಕೈಯಾರೆ ಅದರ ಹಿಡಿಗೆ ಬೆಣೆ ಹಾಕಿದ್ದು, ಅದಕ್ಕೇನಾಗುತ್ತದೆ ಎಂಬ ಕೊಬ್ಬು.

ಅವತ್ತು ನೀನು ಕರೆದು ಹೇಳಿದೆ, "ರೀ, ಹಿಡಿ ಒಳಗೆ ಏನೋ ಕಟಕಟ ಅಂತಿದೆ, ಒಂದ್ಸಲ ನೋಡಿ." ನಾನು ಎಲ್ಲರಿಗೂ ಕೇಳುವಂತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ಎಲ್ಲರೂ ನಕ್ಕರು. ಪಾಪ, ನೀನೂ ನಕ್ಕೆ. ಮುಂದಿನ ಏಟಿಗೇ ಅಲಗು ಹಿಡಿಯಿಂದ ಕಳಚಿಕೊಂಡು ನಿನ್ನ ಮೊಣಕಾಲ ಕೆಳಗೆ ಸೀಳಿಕೊಂಡು ಹೋಯಿತು. ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೂ ನಾನು ಮೇಷ್ಟ್ರ ಹತ್ತಿರ, "ಅವಳ ಹಿಡಿತ ಸಡಿಲ ಸಾರ್" ಎಂದೇ ಹೇಳಿದೆ.

ಇವತ್ತು ಮೇಷ್ಟ್ರು ನಿನ್ನ ಕತ್ತಿಯ ಬೆಣೆಯನ್ನು ನನ್ನ ಅಂಗೈಯಲ್ಲಿಟ್ಟರು. ಅಲಗನ್ನೂ ಹಿಡಿಯನ್ನೂ ಕೂಡಿಸಿ ನಿಲ್ಲಿಸುವುದು ಆ ಬಿದಿರಿನ ಚೂರೊಂದೇ. "ಇದನ್ನ ಒಣಗಿಸಿ ಹಾಕಿದ್ರಾ?" ಅಂದರು. ಇಲ್ಲ. ಹಿತ್ತಲಿನ ಹಸಿ ಬಿದಿರನ್ನು ಆಗಲೇ ಕಡಿದು, ಕೆತ್ತಿ, ಬಡಿದು ಕೂರಿಸಿದ್ದೆ. ಎಷ್ಟು ಬಿಗಿ ಕೂತಿತು ಎಂದು ಬೀಗಿದ್ದೂ ಉಂಟು. ಅದು ಒಳಗೇ ಒಣಗಿ, ಕುಗ್ಗಿ ಸಡಿಲವಾಗಿತ್ತು.

ಎಲ್ಲರ ಎದುರಿಗೇ ಹೇಳಿದೆ, "ಅವಳ ಹಿಡಿತದ ತಪ್ಪಲ್ಲ, ಬೆಣೆ ನನ್ನದು. ಅವಳು ಹೇಳಿದ್ಳು, ನಾನು ನಗಾಡಿದೆ." ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು, "ನಮಗೆ ಹೇಳಿದ್ರಿ, ಸರಿ. ಅವರಿಗೆ?" ಅಂದರು. ಕತ್ತಿ ಬೀರುವಿನ ಬೀಗದಕೈ ಅವರಿಗೆ ಒಪ್ಪಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಬಾ ಎಂದು ಕರೆಯುವ ಮುಖ ನನಗಿಲ್ಲ. ನಿನಗೆ ಬರಬೇಕು ಅನ್ನಿಸಿದ ದಿನ ಬಾ. ಅಕ್ಕ-ಭಾವನಿಗೆ ನಮಸ್ಕಾರ, ಅವರ ಮಕ್ಕಳಿಗೆ ಆಶೀರ್ವಾದ. ನಿನ್ನ ಕಾಲಿಗೆ ಮೊದಲಿನ ಬಲ ಬೇಗ ಬರಲಿ.

ನಿನ್ನವನು

ತಾ.ಕ.: ಬೆಣೆಯ ವಿಷಯವನ್ನು ಉದ್ದಕ್ಕೆ ಬರೆದೆ, ಏಕೆಂದರೆ ಅದು ಒಪ್ಪಿಕೊಳ್ಳಲು ಸುಲಭದ ತಪ್ಪು. ಅವತ್ತು ಎಲ್ಲರೂ ನಿನ್ನ ಕಡೆ ಓಡಿದರು. ನಾನು ಅಲಗಿನ ಕಡೆ ಓಡಿದೆ. ಎತ್ತಿಕೊಂಡು ಮೊನೆ ಮುರಿದಿದೆಯೇ ಎಂದು ನೋಡಿದೆ. ಮುರಿದಿಲ್ಲವೆಂದು ಸಮಾಧಾನವೂ ಆಯಿತು. ತಿರುಗಿದರೆ, ನೀನು ರಕ್ತದ ಕಾಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದೆ.