ಕಾರ್ಡ್ ನುಂಗಿದ ಮೀನು

ಅವ್ವಾ,

ನೀನು ಏಳೋವರೆಗೂ ನಿಲ್ಲೋ ಧೈರ್ಯ ಬರಲಿಲ್ಲ, ಅದಕ್ಕೇ ಈ ಚೀಟಿ. ನಿನ್ನ ಕಣ್ಣಿಗೆ ಕಾಣ್ಲಿ ಅಂತ ದೊಡ್ಡ ಅಕ್ಷರದಲ್ಲಿ ಬರ್ದಿದೀನಿ.

ಕಾಫಿ ಫ್ಲಾಸ್ಕಲ್ಲಿದೆ. ಕಾಳು ಬೇಯಿಸಿಟ್ಟಿದೀನಿ, ನೀನು ಒಲೆ ಹತ್ರ ನಿಂತ್ಕೋಬೇಡ. ಮಂಡಿಗೆ ಎಣ್ಣೆ ಹಚ್ಕೋ.

ನಿನ್ನೆ ಆರೋಗ್ಯ ಕೇಂದ್ರದ ಇರಾಸಿ ಬಂದಾಗ ನಾನು ಹಿತ್ತಲಲ್ಲಿ ಬಲೆ ಹೆಣೀತಿದ್ದೆ. ಎಲ್ಲಾ ಕೇಳಿಸ್ತು. "ನಿಮ್ಮ ಪಿಂಚಣಿ ಕಾರ್ಡ್ ಯಾರ ಹತ್ರ ಇದೆ, ದೋನಾ ಜೊವೆಲಿನಾ? ವಯಸ್ಸಾದೋರ ಕಾರ್ಡನ್ನ ಹೆತ್ತ ಮಗನೇ ಇಟ್ಕೊಂಡ್ರೂ ಕಾನೂನು ಬಿಡಲ್ಲ, ಜೈಲೇ" ಅಂದ್ಳು.

ನೀನು ಒಂಚೂರೂ ನಗದೆ ಹೇಳ್ದೆ: "ನನ್ನ ಮಗ ಜೆನಿವಾಲ್ದು ಅಂಥೋನಲ್ಲ ಕಣಮ್ಮ. ಕಾರ್ಡ್ ದೋಣಿಯಿಂದ ನೀರಿಗೆ ಬಿತ್ತು, ಮೀನು ನುಂಗ್ತು. ಕರು ಗಾತ್ರದ ಮೀನು."

ಅವ್ವಾ, ನಾನು ಕಥೆ ಕಟ್ಟಿದಾಗ ಆ ಮೀನು ನಾಯಿಯಷ್ಟೇ ಇತ್ತು. ನನ್ನ ಉಳಿಸೋಕೆ ನೀನದನ್ನ ಬೆಳೆಸ್ದೆ. ನೀನು ನಂಬಿದೀಯ ಅಂತ ಇಷ್ಟು ದಿನ ಒಳಗೊಳಗೇ ನಗ್ತಿದ್ದೆನಲ್ಲ, ನಿನ್ನೆ ಮುಖ ಎಲ್ಲಿಡ್ಲಿ ಅಂತ ತಿಳೀಲಿಲ್ಲ.

ಆ ಕಾರ್ಡಿಂದ ತೆಗೆದ ನಿನ್ನ ಔಷಧಿ ದುಡ್ಡಲ್ಲಿ ದೋಣಿಗೆ ಎಂಜಿನ್ ಹಾಕಿಸ್ಕೊಂಡೆ. ಈಗ ಅದನ್ನ ಮಾರೋಕೆ ಪೇಟೆಗೆ ಹೊರಟಿದೀನಿ. ಔಷಧಿ ತಗೊಂಡು, ಹುಟ್ಟು ಹಾಕ್ಕೊಂಡು ಬರ್ತೀನಿ, ತಡ ಆಗುತ್ತೆ. ದಾರಿ ಕಾಯ್ಬೇಡ, ಊಟ ಮಾಡು.

ಇರಾಸಿ ಮತ್ತೆ ಬಂದ್ರೆ ಇದ್ದದ್ದು ಇದ್ದ ಹಾಗೆ ಹೇಳು. ಮೀನಿನ ಕಥೆ ಸಾಕು.

ಕಾರ್ಡ್ ಸಿಗೋವರೆಗೂ ಅಂತ ನೀನು ಕಳೆದದ್ದು ಹುಡುಕ್ಕೊಡೋ ಅಂತೋನಿ ಸಂತನ ಮೂರ್ತೀನ ತಲೆಕೆಳಗು ನಿಲ್ಲಿಸಿ ನಾಲ್ಕು ತಿಂಗಳಾಯ್ತು. ಬೆಳಿಗ್ಗೆ ಅವನನ್ನ ನೆಟ್ಟಗೆ ನಿಲ್ಲಿಸಿದೀನಿ. ಕಾರ್ಡ್ ಅವನ ಪಾದದಡಿ ಇದೆ. ನನ್ನ ಬದಲು ಅವನಿಗೊಂದು ಮೋಂಬತ್ತಿ ಹಚ್ಚು. ಪಾಪ, ಇಷ್ಟು ದಿನ ತಲೆಕೆಳಗು ನಿಲ್ಲಬೇಕಾದೋನು ಅವನಲ್ಲ.

ನಿನ್ನ ಜೆನಿವಾಲ್ದು