ಗುಂಡಿನೊಳಗೆ ಬಚ್ಚಿಟ್ಟ ಬಲ

ಇಳಿಗಾಲ ೪೧೧, ಹದಿನಾಲ್ಕನೆಯ ತಿಂಗಳು

ಹಳಬರೇ,

ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳಿಲ್ಲ ಎಂದು ಬಲ್ಲೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮೇಲ್ತಟ್ಟಿನ ಪರೀಕ್ಷಾಧಿಕಾರಿ, ಹೆಸರು ವಿರೂಪಣ್ಣ. ನೀವು ಅದಿರು ತೋಡಿ ಬಿಟ್ಟುಹೋದ ಹೊಂಡದಲ್ಲಿ ನಮ್ಮ ಊರಿದೆ. ಅಂಚಿನ ಮೇಲೆ ನಾವು, ತಳದಲ್ಲಿ ಅವರು.

ಸೂರ್ಯ ಧೂಳಿನಾಚೆ ಉಳಿದುಬಿಟ್ಟಿದ್ದಾನೆ, ನಮ್ಮ ದೀಪ ಉರಿಯುವುದು ಗುಂಡಿನಿಂದ. ತಳದವರು ಕಬ್ಬಿಣದ ಗುಂಡನ್ನು ಬೆನ್ನಿನ ಮೇಲೆ ಹೊತ್ತು ಮೇಲೆ ತರುತ್ತಾರೆ. ನಾವು ಬೆರಳಿನಿಂದ ಅದನ್ನು ಇಳಿಜಾರಿಗೆ ತಳ್ಳುತ್ತೇವೆ. ಉರುಳುತ್ತ ಉರುಳುತ್ತ ವೇಗ ಹೆಚ್ಚಿ, ಅದು ಕೆಳಗಿನ ಚಕ್ರವನ್ನು ತಿರುಗಿಸಿದರೆ ಮೇಲ್ತಟ್ಟಿನಲ್ಲಿ ಬೆಳಕು. ಎತ್ತರದಲ್ಲಿ ಸುಮ್ಮನೆ ಕೂತ ಗುಂಡಿನ ಬಲವನ್ನು ನಿಮ್ಮ ಪಠ್ಯಪುಸ್ತಕ ಪ್ರಚ್ಛನ್ನ ಶಕ್ತಿ ಎಂದಿತ್ತು, ಉರುಳುವಾಗಿನದನ್ನು ಚಲನ ಶಕ್ತಿ ಎಂದಿತ್ತು. ಪ್ರಚ್ಛನ್ನ ನಮ್ಮ ಬಾಯಲ್ಲಿ ಸವೆದು ‘ಪಚ್ಚನ’ ಆಯಿತು. ಪಚ್ಚನವನ್ನು ದಯಪಾಲಿಸುವುದು ಎತ್ತರವೇ, ಆದ್ದರಿಂದ ಎತ್ತರದಲ್ಲಿರುವ ನಮಗೆ ಕೈಮುಗಿಯಬೇಕು ಎಂದು ಮಕ್ಕಳಿಗೆ ಕಲಿಸಿದೆವು. ಆ ಪದಕ್ಕೆ ಬಚ್ಚಿಟ್ಟದ್ದು ಎಂಬ ಅರ್ಥವಿತ್ತೆನ್ನುವುದು ಎಲ್ಲರಿಗೂ ಮರೆತೇಹೋಗಿತ್ತು.

ತಳದ ಮಗು ಪರೀಕ್ಷೆಯಲ್ಲಿ ಗೆದ್ದರೆ ಅದರ ತಾಯಿಗೆ ಹೊರೆಯಿಂದ ಬಿಡುಗಡೆ. ಈರಮ್ಮನ ಮಗಳು ಹೊನ್ನೂರಿ ಚುರುಕು ಹುಡುಗಿ. ಈರಮ್ಮನ ಸೊಂಟ ಬಿದ್ದುಹೋಗಿತ್ತು. ಪರೀಕ್ಷೆಯಲ್ಲಿ ಮಗಳು ‘ಎತ್ತರ’ ಎಂದು ಒಂದು ಮಾತು ಅಂದಿದ್ದರೆ ತಾಯಿ ಅಂದೇ ಮನೆಗೆ ಹೋಗಿ ಮಲಗಬಹುದಿತ್ತು. ಮೇಲ್ತಟ್ಟಿನವರ ಸಭೆಯೆದುರು ಹುಡುಗಿಯನ್ನು ನಿಲ್ಲಿಸಿ, ಗುಂಡಿಗೆ ಬಲ ಎಲ್ಲಿಂದ ಬಂತು ಎಂದು ಕೇಳಿದೆ.

“ನಮ್ಮವ್ವನ ಬೆನ್ನಿನಿಂದ ಬಂತ್ರೀ. ಅಕಿ ಹೊತ್ತು ತಂದದ್ದನ್ನ ಗುಂಡು ತಿರುಗಿ ಕೊಡತೈತಿ, ಅಷ್ಟ.”

ಅಷ್ಟಕ್ಕೆ ಬಿಡದೆ ತೋರಿಸಿಯೂ ಕೊಟ್ಟಳು. ಅರ್ಧ ಎತ್ತರಕ್ಕೆ ಹೊತ್ತು ಅಲ್ಲಿಂದಲೇ ಉರುಳಿಸಿದ ಗುಂಡಿಗೆ ದೀಪ ಅರ್ಧದಷ್ಟೇ ಉರಿಯಿತು. ಸಭೆ ಬೆಚ್ಚಿತು. ನನಗೆ ಮಾತ್ರ ಖುಷಿಯಾಯಿತು; ಒಂದೇ ಸುಳ್ಳನ್ನು ಹೇಳಿ ಹೇಳಿ ಬೇಸತ್ತಿದ್ದೆ. ಹುಡುಗಿಯ ಉತ್ತರ ಸರಿ ಎಂದು ಎಲ್ಲರೆದುರು ಒಪ್ಪಿಕೊಂಡೆ. ಬೆಳಕು ಈರಮ್ಮನ ಬೆನ್ನಿನಿಂದಲೇ ಬರುವುದಾದರೆ ಅವಳನ್ನು ಬಿಡುವುದು ಹೇಗೆ? ಹೆಚ್ಚು ಹೊತ್ತಷ್ಟೂ ಹೆಚ್ಚು ಬೆಳಕು ಎಂದು ಇಳಿಜಾರನ್ನು ಇನ್ನಷ್ಟು ಎತ್ತರಿಸಿದೆವು. ಜಾಣೆಗೆ ಬಹುಮಾನ ಬೇಡವೇ, ಅವ್ವ ತಂದ ಗುಂಡನ್ನು ತಳ್ಳುವ ಬೆರಳಿನ ಕೆಲಸವನ್ನು ಹೊನ್ನೂರಿಗೇ ಕೊಟ್ಟೆವು. ಮೊದಲ ದಿನ ಅವಳು ತಳ್ಳಲಿಲ್ಲ. ಹಾಗಾದರೆ ಅವ್ವ ಅದನ್ನು ಮತ್ತೆ ಕೆಳಕ್ಕೆ ಹೊತ್ತೊಯ್ಯಲಿ ಎಂದೆ. ತಳ್ಳಿದಳು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮೇಷ್ಟ್ರುಗಳು ಹಲಗೆಯನ್ನು ಓರೆಯಾಗಿಟ್ಟು, ಗೋಲಿಯನ್ನು ಎರಡು ಬೆರಳಲ್ಲಿ ಎತ್ತಿ ತುದಿಯಲ್ಲಿಟ್ಟು, ಅಲ್ಲಿಂದ ಪಾಠ ಶುರುಮಾಡುತ್ತಾರಲ್ಲ, ಹಾಗೇ ಮಾಡುತ್ತಿರಲಿ. ಎತ್ತಿದ್ದು ಯಾರು ಎಂದು ಯಾವ ಮಗುವೂ ಕೇಳದಿರಲಿ. ನಮ್ಮ ಊರು ನಿಂತಿರುವುದು ಅದರ ಮೇಲೆ.

ಇಲ್ಲಿಗೆ ನಿಲ್ಲಿಸುತ್ತೇನೆ. ದೀಪ ಮಂಕಾಗುತ್ತಿದೆ, ಈರಮ್ಮನ ಗುಂಡು ಇನ್ನೂ ಮೇಲೆ ಬಂದಿಲ್ಲ. ಹೊನ್ನೂರಿಯ ಬೆನ್ನು ಹೇಗಿದೆಯೋ ನೋಡಬೇಕು.